ನೀರ್ ಸಾಬ್ ಕಾಲದ ಬೋರಿಂಗ್

ಈ ಬೋರಿಂಗ್ ನೋಡಿ. ಮೂರು ಕಾಲಿನ ಸ್ಟ್ಯಾಂಡು, ಮೇಲೊಂದು ಪೆಟ್ಟಿಗೆ, ಉದ್ದನೆಯ ಹಿಡಿ. ಶಿರಾ, ಪಾವಗಡ ಕಡೆ ಒಳರಸ್ತೆ ಹಿಡಿದರೆ ಇಂಥವು ಸಿಗುತ್ತಲೇ ಇರುತ್ತವೆ, ತುಕ್ಕು ಹಿಡಿದದ್ದೇ ಜಾಸ್ತಿ. ಹಂಪಿಯ ಪುಷ್ಕರಣಿಯನ್ನ ಪರಂಪರೆ ಅಂದರೆ ಎಲ್ಲರೂ ತಲೆ ಆಡಿಸ್ತಾರೆ. ಇದನ್ನ ಅಂದರೆ ನಗ್ತಾರೆ. ನಗಲಿ ಬಿಡಿ.

1966-67ರಲ್ಲಿ ಬಿಹಾರ, ಉತ್ತರ ಪ್ರದೇಶದಲ್ಲಿ ಭಾರೀ ಬರ. ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ರಿಗ್ ತರಿಸಿತು. ಬೋರ್ ಏನೋ ಕೊರೆದರು, ಆದರೆ ಮೇಲೆ ಕೂರಿಸಿದ್ದು ಎರಕದ ಕಬ್ಬಿಣದ ಪಂಪು. ಅದು ವಿದೇಶದ ರೈತರ ಮನೆಯಂಗಳಕ್ಕೆ ಮಾಡಿದ ಮಾದರಿ. ಇಲ್ಲಿ ಕೋಳಿ ಕೂಗೋ ಹೊತ್ತಿಂದ ಕತ್ತಲಾಗೋ ತನಕ ಇಡೀ ಊರೇ ಒತ್ತುತ್ತಿತ್ತು. ತಡೆಯುತ್ತಾ? 1974ರ ಹೊತ್ತಿಗೆ ನಾಲ್ಕರಲ್ಲಿ ಮೂರು ಪಂಪು ಕೆಟ್ಟು ನಿಂತಿದ್ದವು.

ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ಸೊಲ್ಲಾಪುರದಲ್ಲಿ. ಅಲ್ಲಿ ಸ್ವೀಡನ್‌ನ ಆಸ್ಕರ್ ಕಾರ್ಲ್‌ಸನ್ ಉಕ್ಕಿನ ಗಟ್ಟಿ ಪಂಪೊಂದನ್ನ ಮಾಡಿದ್ದರು. ಅದನ್ನೇ ತಿದ್ದಿ, ಕೊಯಮತ್ತೂರು ಸುತ್ತ ಪರೀಕ್ಷೆ ಮಾಡಿ, ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡ್ಡಾಸ್ ಕಾರ್ಖಾನೆಯಲ್ಲಿ ತಯಾರಿಸಿದರು. ಅದೇ ಇಂಡಿಯಾ ಮಾರ್ಕ್ 2. ಮುಂದೆ ಆಫ್ರಿಕಾದ ಹಳ್ಳಿಗಳಿಗೂ ಹೋಯಿತು.

ಸ್ವಲ್ಪ ಹತ್ತಿರ ಬನ್ನಿ, ಮುಂದಿನ ಮುಚ್ಚಳ ತೆಗೆದು ತೋರಿಸ್ತೀನಿ. ಒಳಗೆ ಗ್ರೀಸ್ ಮೆತ್ತಿದ ಚೈನು ಕಾಣಿಸ್ತಾ? ಹಿಡಿಯ ಈ ತುದಿ ಬಿಲ್ಲಿನಂತೆ ಬಾಗಿದೆ. ಚೈನು ಆ ಬಾಗಿನ ಮೇಲೇ ಕೂತು ಎಳೆಯುತ್ತದೆ. ಹಾಗಾಗಿ ಕೆಳಗಿನ ರಾಡು ಅತ್ತಿತ್ತ ವಾಲದೆ ನೆಟ್ಟಗೆ ಮೇಲೆ ಬರುತ್ತೆ, ನೆಟ್ಟಗೆ ಇಳಿಯುತ್ತೆ. ಹಿಡಿ ಯಾಕಿಷ್ಟು ಭಾರ ಅಂತ ಚಿಕ್ಕವರಿದ್ದಾಗ ಎಲ್ಲರೂ ಬೈದುಕೊಂಡವರೇ, ಅಲ್ವಾ? ಅದು ಬೇಕಂತಲೇ ಮಾಡಿದ್ದು. ಒಳಗಿನ ರಾಡುಗಳ ತೂಕವನ್ನ ಹಿಡಿಯ ತೂಕ ಸರಿದೂಗಿಸುತ್ತದೆ.

ಕರ್ನಾಟಕದಲ್ಲಿ ಈ ಕಥೆಗೆ ಒಬ್ಬ ಮನುಷ್ಯನ ಹೆಸರೇ ಅಂಟಿಕೊಂಡಿದೆ. 1983ರಲ್ಲಿ ಹೆಗಡೆ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮಂತ್ರಿಯಾದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್ ಕೊರೆಸಿದರು. ಜನ ಅವರನ್ನ ನೀರ್ ಸಾಬ್ ಅಂದರು. ಮಂತ್ರಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕಾ?

ನಾರುಹುಣ್ಣು ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ದಾರದಂಥ ಹುಳ ಹೊರಬರುತ್ತಿತ್ತು. ಅದನ್ನ ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕಿತ್ತು. ನಮ್ಮ ರಾಜ್ಯದಲ್ಲೂ ಇತ್ತು. ದೇಶದಲ್ಲಿ ಕೊನೆಯ ರೋಗಿ ಕಂಡಿದ್ದು 1996ರಲ್ಲಿ. ಆ ಪೀಡೆ ತೊಲಗಿದ್ದರಲ್ಲಿ ಈ ಪಂಪಿನ ಪಾಲೂ ಇದೆ.

ಹಾಗಂತ ಎಲ್ಲಾ ಒಳ್ಳೇದೇ ಆಯ್ತು ಅನ್ನಲ್ಲ. ಪಾವಗಡದ ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಬಂತು, ಹಲ್ಲು ಮೂಳೆ ಕೆಟ್ಟವು. ಆಮೇಲೆ ಮೋಟರ್ ಕಾಲ, ನೆಲದ ನೀರು ಕೆಳಕ್ಕೆ ಇಳಿಯುತ್ತಾ ಹೋಯಿತು. ಮಾರ್ಕ್ 2 ಎತ್ತೋದು ಹೆಚ್ಚೆಂದರೆ 50 ಮೀಟರ್ ಆಳದಿಂದ. ನೀರು ಅದಕ್ಕಿಂತ ಕೆಳಗೆ ಹೋದ ಕಡೆ ಹಿಡಿ ಒತ್ತಿದರೆ ಬರೋದು ಬರೀ ಗಾಳಿ.

ನಿಮ್ಮೂರಿನ ಬೋರಿಂಗ್ ಗುಜರಿಗೆ ಹಾಕೋ ಮುಂಚೆ ಒಮ್ಮೆ ಒತ್ತಿ ನೋಡಿ. ತುಂಬಾ ಹೊತ್ತು ಒತ್ತಿದ ಮೇಲೆ ನೀರು ಬಂದರೆ ಒಳಗಿನ ವಾಷರ್ ಸವೆದಿರಬಹುದು. ಹಿಡಿ ಸುಮ್ನೆ ಸಡಿಲವಾಗಿ ಆಡಿದರೆ ರಾಡು ಕಳಚಿರಬೇಕು. ಎರಡಕ್ಕೂ ಪೈಪು ಎತ್ತಬೇಕು, ನಾಲ್ಕು ಜನರನ್ನ ಕರೆಯಿರಿ.