ಶನಿವಾರ ಹೊರಟರೆ ಸೋಮವಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು, ಜನವರಿ ತಿಂಗಳು. ನಮ್ಮಕ್ಕನ ಮಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ನೇರ ವಿಮಾನದಲ್ಲಿ ಬೆಂಗಳೂರಿಗೆ ಬರುವವಳಿದ್ದಳು. 'ಶನಿವಾರ ರಾತ್ರಿ ಎಂಟೂವರೆಗೆ ಹೊರಡ್ತೀನಿ, 17 ಗಂಟೆ ಪ್ರಯಾಣ' ಅಂದಿದ್ದಳು. ಅಕ್ಕ ಬೆರಳ ಗೆಣ್ಣು ಎಣಿಸಿದಳು. ಭಾನುವಾರ ಮಧ್ಯಾಹ್ನ ಒಂದೂವರೆಗೆ ಇಳಿಯುತ್ತಾಳೆ ಅಂತ ಲೆಕ್ಕ ಹಾಕಿ, ಶನಿವಾರ ಬೆಳಿಗ್ಗೆಯೇ ದೋಸೆಗೆ ಅಕ್ಕಿ, ಉದ್ದು ನೆನೆಹಾಕಿಬಿಟ್ಟಳು.

ಈ ಎರಡು ಊರುಗಳ ನಡುವೆ ನೇರ ದೂರ ಸುಮಾರು 14,000 ಕಿಲೋಮೀಟರ್. ಗೋಡೆಯ ಮೇಲಿನ ನಕ್ಷೆ ನೋಡಿದರೆ ಯಾವುದೋ ಸಾಗರ ದಾಟಿ ಅಡ್ಡಡ್ಡ ಹೋಗಬೇಕು ಅನ್ನಿಸುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ ಒತ್ತಿ ಹಿಡಿಯಿರಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಮೇಲಕ್ಕೆ ಜರುಗಿ ಉತ್ತರ ಧ್ರುವದ ಹತ್ತಿರ ಕೂರುತ್ತದೆ. ನನಗಂತೂ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಭೂಮಿಯ ನೆತ್ತಿಯ ಈಚೆಗೆ ನಾವು, ಆಚೆಗೆ ಅವರು!

2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಈ ಧ್ರುವದ ದಾರಿಯಲ್ಲೇ ಬಂತು. ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು. ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್.

ಆದರೆ ದೂರ ಗೊತ್ತಾದ ಮಾತ್ರಕ್ಕೆ ಹೊತ್ತು ಗೊತ್ತಾಗುವುದಿಲ್ಲ. ಗಂಟೆಗೆ 900 ಕಿಲೋಮೀಟರ್ ಅಂತ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಏರುವುದು, ಇಳಿಯುವುದು, ದಾರಿಯ ಚೂರುಪಾರು ಸುತ್ತು ಸೇರಿದರೆ ಜಾಸ್ತಿಯಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ಗಾಳಿ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಗಾಳಿ ಹರಿಯುತ್ತದೆ. ಕೆಲವು ಕಡೆ ಅದರ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಹೊಳೆಯ ಜೊತೆ ಈಜುವುದಕ್ಕೂ ಎದುರು ಈಜುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? 2016ರ ಅಕ್ಟೋಬರ್‌ನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ದಾರಿ ಬಿಟ್ಟು ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹಾರಿತು. ದೂರ ಸಾವಿರ ಕಿಲೋಮೀಟರಿಗೂ ಮೀರಿ ಹೆಚ್ಚಾಯಿತು, ಸುಮಾರು 15,300 ಆಯಿತು. ಆದರೂ ಬೆನ್ನಿಗೆ ಗಾಳಿ ಇದ್ದದ್ದರಿಂದ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು. ಹಳೇ ದಾರಿಗಿಂತ ಸುಮಾರು ಎರಡು ಗಂಟೆ ಬೇಗ!

ಇನ್ನು ಗಡಿಯಾರ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ಹನ್ನೆರಡೂವರೆ. ಅಕ್ಕ ಮರೆತದ್ದು ಇದನ್ನೇ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು. 'ಅಮ್ಮಾ, ವಿಮಾನ ಹತ್ತಿದೆ, ಈಗ ಹೊರಡುತ್ತೆ.' ಅಕ್ಕ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. 'ಈಗ ಹೊರಡೋದಾ?' ಅಲ್ಲಿ ಇನ್ನೂ ಶನಿವಾರ ರಾತ್ರಿ. ನಮ್ಮ ಹತ್ತು ಗಂಟೆಗೆ 17 ಗಂಟೆ ಕೂಡಿಸಿದರೆ ಸೋಮವಾರ ಬೆಳಗಿನ ಜಾವ ಮೂರು.

ಆ ಹೊತ್ತಿಗೆ ನಾವು ದೇವನಹಳ್ಳಿಯ ಚಳಿಯಲ್ಲಿ ಶಾಲು ಹೊದ್ದು ನಿಂತಿದ್ದೆವು. ಮನೆಗೆ ಬರುವಷ್ಟರಲ್ಲಿ ಹಿಟ್ಟು ಜಾಸ್ತಿಯೇ ಹುಳಿ ಬಂದಿತ್ತು. ಅಕ್ಕ ಅದರಲ್ಲೇ ದೋಸೆ ಹುಯ್ದಳು. ಮಗಳು ನಾಲ್ಕು ತಿಂದಳು.

ನಮಸ್ಕಾರ.