ಒಂದು ಸೆಕೆಂಡಿಗೆ 12 ಚಿತ್ರ

ಕೇಳುಗರಿಗೆಲ್ಲ ನಮಸ್ಕಾರ. ನಾನು ಬೆಂಗಳೂರಿನ ಒಂದು ಆರ್ಟ್ ಕಾಲೇಜಲ್ಲಿ ಅನಿಮೇಷನ್ ಓದ್ತಿದೀನಿ, ಕೊನೇ ವರ್ಷ, ಊರು ಕೊಪ್ಪಳದ ಹತ್ರ. ಊರಿಗೆ ಹೋದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಅದೆಲ್ಲಾ ಕಂಪ್ಯೂಟರ್ರ ಮಾಡ್ತೈತಲ್ಲ, ನೀ ಏನ್ ಮಾಡ್ತಿ ಅಲ್ಲಿ?" ಅಂತ. ಅವರು ಕೇಳೋದ್ರಲ್ಲಿ ತಪ್ಪೇನಿಲ್ಲ, ಕಾರ್ಟೂನ್ ಅಂದ್ರೆ ಟೀವಿಲಿ ಬರುತ್ತೆ ಹೋಗುತ್ತೆ, ಅದರ ಹಿಂದೆ ಯಾರೋ ಕೂತು ಕೈಯಲ್ಲಿ ಬಿಡಿಸಿರ್ತಾರೆ ಅನ್ನೋದು ನೋಡೋರಿಗೆ ಕಾಣೋದೇ ಇಲ್ಲ, ಹಂಗಾಗಿ ಇವತ್ತು ನಾವು ಅಲ್ಲಿ ನಿಜವಾಗ್ಲೂ ಏನ್ ಮಾಡ್ತೀವಿ ಅನ್ನೋದನ್ನೇ ಹೇಳ್ತೀನಿ.

ಮೊದಲನೇ ವರ್ಷ ಕಂಪ್ಯೂಟರ್ ಹತ್ರ ಹೋಗೋದು ಕಮ್ಮಿ. ಅದಕ್ಕೆ ಫೌಂಡೇಶನ್ ಅಂತಾರೆ, ಸ್ಟಿಲ್ ಲೈಫು, ಪರ್ಸ್‌ಪೆಕ್ಟಿವ್, ಕಲರ್, ಜೇಡಿಮಣ್ಣಲ್ಲಿ ಮಾಡೋ ಕೆಲಸ ಎಲ್ಲ ಇರುತ್ತೆ, ಆದ್ರೆ ಅನಿಮೇಷನ್ ಮಾಡೋರಿಗೆ ಜೀವ ಅಂದ್ರೆ ಜೆಸ್ಚರ್ ಡ್ರಾಯಿಂಗು. ಮಾಡೆಲ್ ಒಂದು ಪೋಸ್ ಕೊಡ್ತಾರೆ, 30 ಸೆಕೆಂಡ್ ಅಷ್ಟೇ, ಆಮೇಲೆ ಪೋಸ್ ಚೇಂಜ್. ಅಷ್ಟರಲ್ಲಿ ಕಣ್ಣು ಮೂಗು ಬರೆಯೋಕೆ ಟೈಮೇ ಇಲ್ಲ, ಬರೀಬೇಕಾಗಿರೋದೂ ಅದಲ್ಲ, ಮೈಭಾರ ಯಾವ ಕಾಲ ಮೇಲಿದೆ, ಬೆನ್ನು ಯಾವ ಕಡೆ ಬಾಗಿದೆ, ಸೊಂಟ ಈ ಕಡೆ ಎದ್ರೆ ಭುಜ ಆ ಕಡೆ ಹೆಂಗೆ ಇಳೀತು, ಅದು ನಾಲ್ಕು ಗೆರೆಯಲ್ಲಿ ಬರ್ಬೇಕು. ಚಾರ್ಕೋಲಲ್ಲಿ ನ್ಯೂಸ್‌ಪ್ರಿಂಟ್ ಹಾಳೆ ಮೇಲೆ ಬರೀತಾ ಬರೀತಾ ಮೊಣಕೈವರೆಗೂ ಕಪ್ಪಾಗಿರುತ್ತೆ.

ಕ್ಲಾಸ್ ಮುಗಿದ್ಮೇಲೂ ಅದೇ ಕೆಲಸ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಸ್ಕೆಚ್‌ಬುಕ್ ಹಿಡ್ಕೊಂಡು ಹೋಗ್ತೀವಿ. ಮೂಟೆ ಎತ್ತೋ ಅಣ್ಣಂದಿರನ್ನ ನೋಡಿ, ಮೇಲಕ್ಕೆ ಎತ್ತೋಕೆ ಮುಂಚೆ ಅವರು ಕೆಳಗೆ ಹೋಗ್ತಾರೆ, ಮೊಣಕಾಲು ಮಡಚಿ, ಉಸಿರು ಬಿಗಿ ಹಿಡಿದು, ಆಮೇಲೆ ಒಂದೇ ಸಲ ಮೇಲೆ. ಇದಕ್ಕೆ ನಮ್ಮ ಪುಸ್ತಕದಲ್ಲಿ ಆಂಟಿಸಿಪೇಶನ್ ಅಂತ ಹೆಸರಿದೆ, ಡಿಸ್ನಿ ಸ್ಟುಡಿಯೋದವರು ಕಂಡ್ಕೊಂಡಿರೋ ಅನಿಮೇಷನ್ನಿನ 12 ಸೂತ್ರಗಳಲ್ಲಿ ಅದೂ ಒಂದು, ಆದ್ರೆ ನನಗದು ಅರ್ಥ ಆಗಿದ್ದು ಮೂಟೆ ಹೊರೋರನ್ನ ನೋಡಿ. ಹೂವಿನವರು ಮೊಳ ಹಾಕುವಾಗ ಮಾತು ಗಿರಾಕಿ ಜೊತೆ, ಕಣ್ಣು ಪಕ್ಕದ ಅಂಗಡಿ ಮೇಲೆ, ಕೈ ಮಾತ್ರ ತನ್ನಪಾಡಿಗೆ ಬೆರಳ ತುದಿಯಿಂದ ಮೊಣಕೈಗೆ ಹೂವು ಎಳೀತಾ ಇರುತ್ತೆ. ಸಿಟಿ ಬಸ್ಸಲ್ಲಿ ಕಂಡಕ್ಟರ್ ಎರಡೂ ಕೈ ಬಿಟ್ಟು ಟಿಕೆಟ್ ಹರೀತಾರಲ್ಲ, ಸೊಂಟವನ್ನ ಸೀಟಿನ ಮೂಲೆಗೆ ಕೊಟ್ಟು ನಿಂತಿರ್ತಾರೆ, ಬ್ರೇಕ್ ಹಾಕಿದ್ರೆ ತಲೆ ಅಲ್ಲಾಡುತ್ತೆ, ಕಾಲು ಅಲ್ಲಾಡಲ್ಲ. ಇಂಥದ್ದನ್ನ ನೋಡಿ ನೋಡಿ ಬರ್ಕೊಳ್ಳೋದೇ ನಮ್ಮ ಓದು.

ನನಗೆ ತುಂಬ ಇಷ್ಟ ಆಗೋ ಒಂದು ವಿಷಯ ಇದೆ. ನಮ್ಮ ಉಡುಪಿ ಹತ್ರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು, ಅಷ್ಟು ದೊಡ್ಡ ಪೇಂಟರು, ಗೆರೆಯಲ್ಲಿ ಲಯ ಬರ್ಬೇಕು ಅಂತ ಕಥಕ್ ಡ್ಯಾನ್ಸ್ ಕಲಿತ್ರು. ಅವರ ರೇಖಾಚಿತ್ರ ನೋಡಿದ್ರೆ ಕುಣಿಯೋರು ಕಾಗದದ ಮೇಲೆ ನಿಂತೇ ಇಲ್ಲ, ಇನ್ನೂ ತಿರುಗ್ತಿದಾರೆ ಅನ್ಸುತ್ತೆ. ಅವರು ಅನಿಮೇಟರ್ ಅಲ್ಲ, ಆದ್ರೂ ಅನಿಮೇಷನ್ ಕಲಿಯೋರು ಮೊದಲು ನೋಡ್ಬೇಕಾಗಿರೋದು ಅವರನ್ನೇ ಅಂತ ನಾನು ಜೂನಿಯರ್ಸ್‌ಗೆಲ್ಲ ಹೇಳ್ತಿರ್ತೀನಿ.

ಇನ್ನು ಅನಿಮೇಷನ್ ಕ್ಲಾಸಿಗೆ ಬರೋಣ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮು, ಅಂದ್ರೆ ಒಂದರ ಹಿಂದೆ ಒಂದು ಪರದೆ ಮೇಲೆ ಬರೋ ಅಲ್ಲಾಡದ ಚಿತ್ರಗಳು. ಕೈಯಲ್ಲಿ ಬಿಡಿಸುವಾಗ ಸಾಮಾನ್ಯವಾಗಿ ಒಂದು ಚಿತ್ರವನ್ನ ಎರಡು ಫ್ರೇಮ್ ಇಡ್ತೀವಿ, ಅಂದ್ರೆ ಸೆಕೆಂಡಿಗೆ 12 ಚಿತ್ರ, ನಿಮಿಷಕ್ಕೆ 720, ಅದೂ ಪರದೆ ಮೇಲೆ ಒಂದೇ ಕ್ಯಾರೆಕ್ಟರ್ ಇದ್ರೆ. ಮೂರು ತೂತಿರೋ ಹಾಳೆಗಳನ್ನ ಪೆಗ್‌ಬಾರ್‌ಗೆ, ಅಂದ್ರೆ ಹಾಳೆ ಜರುಗದಂಗೆ ಹಿಡಿಯೋ ಮೊಳೆಪಟ್ಟಿಗೆ ಸಿಗ್ಸಿ, ಕೆಳಗೆ ಲೈಟ್‌ಬಾಕ್ಸ್ ಹಾಕಿ, ಹಿಂದಿನ ಚಿತ್ರ ಮಸುಕಾಗಿ ಕಾಣ್ತಿರೋ ಹಂಗೆ ಇಟ್ಕೊಂಡು ಮುಂದಿನದು ಬರೀತೀವಿ, ಮಧ್ಯೆ ಮಧ್ಯೆ ಹಾಳೆಗಳನ್ನ ಬೆರಳಸಂದಿಲಿ ಹಿಡಿದು ಪಟಪಟ ಅಂತ ತಿರುಗ್ಸಿ ನೋಡ್ತೀವಿ. ರಾತ್ರಿ ಹಾಸ್ಟೆಲಲ್ಲಿ ಆ ಪಟಪಟ ಸದ್ದು ಎಲ್ಲಾ ರೂಮಿಂದಾನೂ ಬರ್ತಿರುತ್ತೆ.

ಮುಖ್ಯವಾದ ಚಿತ್ರಗಳಿಗೆ ಕೀ ಅಂತೀವಿ, ನಡುವಿನವು ಇನ್‌ಬಿಟ್ವೀನು. ಈ ನಡುವಿನ ಚಿತ್ರಗಳನ್ನ ಸುಮ್ನೆ ತುಂಬಿಸೋದು ಅಂದ್ಕೊಳ್ತಾರೆ, ಹಂಗಲ್ಲ. ಒಬ್ಬ ಹೆಂಗಸು ಎಡಗಡೆ ನೋಡ್ತಿದ್ದೋಳು ಬಲಗಡೆ ತಿರುಗಿದ್ಲು ಅಂತ ಇಟ್ಕೊಳ್ಳಿ. ಕೀ ಎರಡೇ. ನಡುವೆ ಎರಡೇ ಚಿತ್ರ ಹಾಕಿದ್ರೆ ಅವಳಿಗೆ ಯಾರೋ ಗಟ್ಟಿಯಾಗಿ ಕೂಗಿದಾರೆ, ಆರು ಹಾಕಿದ್ರೆ ಸುಮ್ನೆ ನೋಡಿದ್ಲು, ಹತ್ತು ಹಾಕಿ ಕೊನೇಲಿ ಒತ್ತೊತ್ತಾಗಿ ಇಟ್ರೆ ಅವಳಿಗೆ ಅತ್ತ ನೋಡೋಕೆ ಮನಸ್ಸಿಲ್ಲ, ಆದ್ರೂ ನೋಡ್ತಿದಾಳೆ. ಮುಖ ಅದೇ, ಗೆರೆ ಅದೇ, ಚಿತ್ರಗಳ ಮಧ್ಯದ ಜಾಗ ಬೇರೆ ಅಷ್ಟೇ, ಅಷ್ಟಕ್ಕೇ ಅವಳ ಮನಸ್ಸೇ ಬದಲಾಗ್ಬಿಡುತ್ತೆ. ಇದನ್ನ ಮೊದಲನೇ ಸಲ ನನ್ನ ಕೈಯಲ್ಲೇ ಮಾಡಿ ನೋಡಿದಾಗ ಎಷ್ಟು ಖುಷಿ ಆಗಿತ್ತು ಅಂದ್ರೆ ಇವತ್ತಿಗೂ ಆ ಶೀಟುಗಳನ್ನ ಯಾರಿಗೂ ಕೊಟ್ಟಿಲ್ಲ.

ಆಮೇಲೆ ಸಾಫ್ಟ್‌ವೇರ್ ಬರುತ್ತೆ, ಬರ್ಲೇಬೇಕು. ಬ್ಲೆಂಡರ್, ಕ್ರಿತಾ, ಓಪನ್‌ಟೂನ್ಜ್ ಇವೆಲ್ಲ ಫ್ರೀಯಾಗೇ ಸಿಗ್ತವೆ. 2025ರಲ್ಲಿ ಅನಿಮೇಷನ್ ಸಿನಿಮಾದ ಆಸ್ಕರ್ ತಗೊಂಡಿದ್ದು ಲಾಟ್ವಿಯಾ ಅನ್ನೋ ಪುಟ್ಟ ದೇಶದವರು, ಮಾಡಿದ್ದು ಬ್ಲೆಂಡರಲ್ಲಿ, ನಮ್ಮ ಹಾಸ್ಟೆಲಲ್ಲಿ ಆ ಸುದ್ದಿ ಬಂದ ದಿನ ಹಬ್ಬಾನೇ ಆಗಿತ್ತು. ಆದ್ರೆ ಅದನ್ನ ಓಡ್ಸೋಕೆ ಒಳ್ಳೆ ಲ್ಯಾಪ್‌ಟಾಪ್ ಬೇಕು, ಅದು ಫ್ರೀ ಬರಲ್ಲ, ಎಷ್ಟೋ ಜನರ ಮನೇಲಿ ಕಾಲೇಜ್ ಫೀಸಿಗಿಂತ ಅದೇ ದೊಡ್ಡ ಚಿಂತೆ. ಕಾಲೇಜುಗಳು ಲ್ಯಾಬನ್ನ ರಾತ್ರಿನೂ ತೆಗೆದಿಟ್ರೆ ಊರುಗಳಿಂದ ಬಂದಿರೋ ಮಕ್ಕಳಿಗೆ ಎಷ್ಟೋ ಅನುಕೂಲ ಆಗುತ್ತೆ, ಇದನ್ನ ರೇಡಿಯೋದಲ್ಲಿ ಹೇಳೋಕೆ ಸಿಕ್ಕಿದ್ದಕ್ಕೆ ಹೇಳ್ತಿದೀನಿ.

ಇದು ರೇಡಿಯೋ ಆಗಿರೋದ್ರಿಂದ ಮಾತಿನ ವಿಷಯಾನೂ ಹೇಳ್ಬೇಕು. ಕ್ಯಾರೆಕ್ಟರ್ ಮಾತಾಡುವಾಗ ತುಟಿ ಹೆಂಗೆ ಅಲ್ಲಾಡ್ಬೇಕು ಅನ್ನೋದಕ್ಕೆ ಕ್ಲಾಸಲ್ಲಿ ಒಂದು ಚಾರ್ಟ್ ಕೊಡ್ತಾರೆ, ಬಾಯಿಯ ಕೆಲವೇ ಕೆಲವು ಆಕಾರ, ಅದು ಇಂಗ್ಲಿಷ್ ಮಾತಿಗೆ ಮಾಡಿರೋದು. ಅದನ್ನೇ ಇಟ್ಕೊಂಡು ಕನ್ನಡ ಮಾತಾಡ್ಸಿದ್ರೆ ಎಲ್ಲೋ ಡಬ್ಬಿಂಗ್ ಸಿನಿಮಾ ನೋಡ್ದಂಗೆ ಇರುತ್ತೆ. ಯಾಕಂದ್ರೆ ಕನ್ನಡದಲ್ಲಿ ಬಹಳಷ್ಟು ಮಾತು ಸ್ವರದಲ್ಲಿ ಮುಗಿಯುತ್ತೆ, ಬಂದೆ, ಹೋದ, ಮಾಡು, ಎಲ್ಲಿ, ಪ್ರತಿ ಮಾತಿನ ಕೊನೇಲೂ ಬಾಯಿ ಒಂಚೂರು ತೆರ್ಕೊಂಡೇ ಇರುತ್ತೆ. ಅಪ್ಪ, ಅಮ್ಮ, ಹಬ್ಬ ಅನ್ನುವಾಗ ತುಟಿ ಮುಚ್ಚೋದು ಮಾತ್ರ ಅಲ್ಲ, ಮುಚ್ಕೊಂಡು ಒಂದು ಕ್ಷಣ ಕಾಯುತ್ತೆ, ಆ ಒತ್ತಿಗೆ ಇನ್ನೊಂದೆರಡು ಫ್ರೇಮ್ ಜಾಸ್ತಿ ಕೊಡ್ಬೇಕು. ಹಿಂಗಾಗಿ ನಾವು ಕೆಲವರು ಕನ್ನಡಿ ಮುಂದೆ ಕೂತು ಕನ್ನಡಕ್ಕೆ ಅಂತಾನೇ ಬಾಯಿಯ ಚಾರ್ಟ್ ಬರ್ಕೊಂಡಿದೀವಿ. ನನ್ನ ಡಿಪ್ಲೊಮಾ ಫಿಲ್ಮಲ್ಲಿ ಒಬ್ಬ ಅಜ್ಜಿ ಇದಾಳೆ, ಅವಳ ದನಿ ನಮ್ಮಜ್ಜಿದೇ, ಫೋನಲ್ಲಿ ರೆಕಾರ್ಡ್ ಮಾಡಿದ್ದು. ಆಕಿ ಎಲಿ ಅಡಿಕಿ ಬಾಯಲ್ಲಿಟ್ಕೊಂಡೇ ಮಾತಾಡೋದು, ಅಂದ್ರೆ ಒಂದು ಕೆನ್ನೆ ಯಾವಾಗ್ಲೂ ಸ್ವಲ್ಪ ಉಬ್ಬಿರುತ್ತೆ, ಎಲ್ಲಾ ಅಕ್ಷರಾನೂ ಒಂದು ಪಕ್ಕಕ್ಕೆ ವಾಲಿ ಬರುತ್ತೆ. ಯಾವ ಚಾರ್ಟಲ್ಲೂ ಅದಿಲ್ಲ, ಅವಳನ್ನ ನೋಡಿಯೇ ಬರೀಬೇಕು.

ಅನಿಮೇಷನ್ ಹಿಸ್ಟರಿ ಕ್ಲಾಸ್ ಶುರುವಾಗೋದು ಯುರೋಪ್, ಅಮೆರಿಕಾ ಇಂದ. ನಮ್ಮ ದೇಶದ ಪಾಠ ಬಂದಾಗ 1956ರ ಹೊತ್ತಿಗೆ ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಮುಂಬೈನಲ್ಲಿದ್ದ ಸರ್ಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಷನ್‌ಗೆ ಬಂದು ನಮ್ಮವರಿಗೆ ಟ್ರೇನಿಂಗ್ ಕೊಟ್ಟಿದ್ದು, ಅಲ್ಲಿ ಕಲಿತ ರಾಮ್ ಮೋಹನ್ ಅವರು ಮುಂದೆ ಎಷ್ಟೋ ಜನರನ್ನ ಬೆಳೆಸಿದ್ದು, ಇದೆಲ್ಲ ಹೇಳ್ತಾರೆ. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದ್ರೆ ನನ್ನ ಪ್ರಕಾರ ನಮ್ಮ ಪಾಠ ಅದಕ್ಕೂ ಬಹಳ ಹಿಂದಿನಿಂದ ಶುರು ಆಗ್ಬೇಕು, ತೊಗಲುಗೊಂಬೆಯಿಂದ. ತೆಳ್ಳಗೆ ಹದ ಮಾಡಿದ ಚರ್ಮ, ಅದರಲ್ಲಿ ಕೊರೆದ ಸಣ್ಣ ಸಣ್ಣ ತೂತು, ಹಿಂದೆ ದೀಪ, ಮುಂದೆ ಬಿಳಿ ಪರದೆ, ಕೈ ಅಲ್ಲಾಡೋಕೆ ಭುಜದಲ್ಲಿ ದಾರದ ಗಂಟು. ಇವತ್ತು ನಾವು ಕಂಪ್ಯೂಟರಲ್ಲಿ ಕಟ್-ಔಟ್ ರಿಗ್ ಅಂತ ಮಾಡ್ತೀವಲ್ಲ, ಕೈ ಬೇರೆ ತೋಳು ಬೇರೆ ಮಾಡಿ ಕೀಲು ಸೇರ್ಸೋದು, ಅದೇ ಇದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ಊರೂರು ಹುಡುಕಿ ಕೂಡಿಸಿದ ಹಳೇ ಗೊಂಬೆಗಳಿವೆ, ಕುಮಾರಕೃಪಾ ರಸ್ತೆ ಕಡೆ ಹೋದಾಗ ದಯವಿಟ್ಟು ಒಳಗೆ ಹೋಗಿ ನೋಡಿ. ಇನ್ನು ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಜೀವನ ಪೂರ್ತಿ ಪರದೆ ಹಿಂದೆ ಗೊಂಬೆ ಆಡ್ಸಿದೋರು. ಆ ಸುದ್ದಿ ಕೇಳಿದ್ಮೇಲೆ ಊರಲ್ಲಿ ನನ್ನ ಕೋರ್ಸ್ ಬಗ್ಗೆ ಹೇಳೋದು ಎಷ್ಟು ಸುಲಭ ಆಯ್ತು ಅಂದ್ರೆ, "ನಾನು ಕಲೀತಿರೋದು ಭೀಮವ್ವನವರ ಕೆಲಸಾನೇ, ಪರದೆ ಬೇರೆ" ಅಂದ್ರೆ ಸಾಕು.

ಕೆಲಸ ಸಿಗುತ್ತಾ ಅಂತ ತಂದೆ ತಾಯಂದಿರು ಕೇಳೋದು ಸಹಜ. 2012ರಲ್ಲೇ ಕರ್ನಾಟಕ ಸರ್ಕಾರ ಅನಿಮೇಷನ್, ಗೇಮಿಂಗ್‌ಗೆ ಅಂತ ಪಾಲಿಸಿ ತಂದಿದೆ, ಬೆಂಗಳೂರಲ್ಲಿ ಸ್ಟುಡಿಯೋಗಳೂ ಇವೆ. ಹಂಗಂತ ಎಲ್ಲ ಚೆನ್ನಾಗಿದೆ ಅಂತ ಹೇಳಕ್ಕಾಗಲ್ಲ, 2025ರಲ್ಲಿ ಒಂದು ದೊಡ್ಡ ವಿದೇಶಿ ಕಂಪನಿಯ ಸ್ಟುಡಿಯೋ ಇಲ್ಲಿ ಬಾಗಿಲು ಹಾಕ್ತು, ನಮ್ಮ ಸೀನಿಯರ್ಸ್ ಎಷ್ಟೋ ಜನ ಒಂದೇ ಸಲ ಕೆಲಸ ಕಳ್ಕೊಂಡ್ರು, ಅದರ ಮೇಲೆ ಎಐ ಬೇರೆ. ಎಐ ನಡುವಿನ ಚಿತ್ರಗಳನ್ನ ತುಂಬ್ಸುತ್ತೆ, ನಾಳೆ ಇನ್ನೂ ಚೆನ್ನಾಗಿ ತುಂಬ್ಸಬಹುದು, ಆದ್ರೆ ಆ ಹೆಂಗಸು ಮನಸ್ಸಿಲ್ಲದೆ ತಿರುಗಿದ್ಲಾ ಬೆಚ್ಚಿ ತಿರುಗಿದ್ಲಾ ಅನ್ನೋದನ್ನ ತೀರ್ಮಾನ ಮಾಡೋಕೆ ಮನುಷ್ಯರನ್ನ ನೋಡಿರೋರೇ ಬೇಕು, ಅದನ್ನ ನಾನು ನಂಬ್ತೀನಿ, ಅದಕ್ಕೇ ಡ್ರಾಯಿಂಗ್ ಕ್ಲಾಸ್ ಕಮ್ಮಿ ಮಾಡಿ ಸಾಫ್ಟ್‌ವೇರ್ ಜಾಸ್ತಿ ಮಾಡೋ ಕೋರ್ಸುಗಳ ಬಗ್ಗೆ ನನಗೆ ಬೇಜಾರು.

ಪಿಯುಸಿ ಮುಗಿಸಿ ಈ ಕಡೆ ಬರ್ಬೇಕು ಅಂತಿರೋ ತಮ್ಮ ತಂಗಿಯರಿಗೆ ಒಂದು ಮಾತು. ಅಡ್ಮಿಷನ್‌ಗೆ ನಿಮ್ಮ ಚಿತ್ರಗಳನ್ನ ನೋಡ್ತಾರೆ. ಹೀರೋಗಳ ಫೋಟೋ ನೋಡಿ ಶೇಡಿಂಗ್ ಮಾಡಿದ್ದು ಎಷ್ಟೇ ಚೆನ್ನಾಗಿದ್ರೂ ಅದೊಂದನ್ನೇ ತಗೊಂಡು ಹೋಗ್ಬೇಡಿ. ಮನೆ ಹಸು ಏಳುವಾಗ ಮೊದಲು ಹಿಂದಿನ ಕಾಲು ಎತ್ತುತ್ತಲ್ಲ ಅದನ್ನ ಬರೀರಿ, ಅಮ್ಮ ರೊಟ್ಟಿ ಬಡಿಯೋದನ್ನ ಬರೀರಿ, ಬಸ್‌ಸ್ಟ್ಯಾಂಡಲ್ಲಿ ನಿದ್ದೆ ಮಾಡ್ತಿರೋರನ್ನ ಬರೀರಿ, ಗಲೀಜಾಗಿದ್ರೂ ಪರವಾಗಿಲ್ಲ, ಆ ಸ್ಕೆಚ್‌ಬುಕ್ಕನ್ನೇ ತೋರ್ಸಿ. ಒಂದು ಕಡೆ ಸೀಟ್ ಸಿಗ್ಲಿಲ್ಲ ಅಂತ ಪೆನ್ಸಿಲ್ ಕೆಳಗಿಡ್ಬೇಡಿ, ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರನ್ನ ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿಸ್ಕೊಳ್ಳಲಿಲ್ಲ, ಅವರು ಮಹಾರಾಜಾ ಕಾಲೇಜಲ್ಲಿ ಬಿ.ಎ. ಓದ್ಕೊಂಡೇ ಪತ್ರಿಕೆಗಳಿಗೆ ಚಿತ್ರ ಬರೀತಿದ್ರು. ಮನೇಲಿ ಒಪ್ಪಿಲ್ಲ ಅಂದ್ರೆ ಅಪ್ಪ ಅಮ್ಮನ್ನ ಒಂದು ದಿನ ಯಾವುದಾದ್ರೂ ಆರ್ಟ್ ಕಾಲೇಜಿನ ವಾರ್ಷಿಕ ಪ್ರದರ್ಶನಕ್ಕೆ ಕರ್ಕೊಂಡು ಬನ್ನಿ, ಅಲ್ಲಿ ಮಕ್ಕಳ ಕೆಲಸ ಗೋಡೆ ತುಂಬ ಇರುತ್ತೆ, ಅವರಿಗೆ ಏನೇನು ಅನುಮಾನ ಇದೆಯೋ ಎಲ್ಲಾನೂ ನಮ್ಮನ್ನೇ ನೇರವಾಗಿ ಕೇಳ್ಲಿ, ಗೊತ್ತಿರೋದನ್ನೆಲ್ಲ ಹೇಳ್ತೀವಿ.