ಆಮೋಸನ ಅಳತೆ, ಕಾಗೋಡಿನ ಕೊಳಗ

ಕೇಳುಗರೆಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲಿ ದೊಡ್ಡದೊಂದು ಮೆರವಣಿಗೆ ನಡೆದರೆ, ಧಿಕ್ಕಾರದ ಸದ್ದು ಅಡಗುವ ಮೊದಲೇ ನಮ್ಮ ಕ್ರೈಸ್ತ ಸಭೆಯ ವಾಟ್ಸಾಪ್ ಗುಂಪಿಗೆ ಬೈಬಲಿನ ಒಂದು ವಚನ ಬಂದು ಬೀಳುತ್ತದೆ. ಮತ್ತಾಯನ ಸುವಾರ್ತೆ, 24ನೇ ಅಧ್ಯಾಯ: ಜನಕ್ಕೆ ವಿರೋಧವಾಗಿ ಜನ ಏಳುವರು, ರಾಜ್ಯಕ್ಕೆ ವಿರೋಧವಾಗಿ ರಾಜ್ಯ ಏಳುವುದು. ಅದರ ಕೆಳಗೆ ಒಂದೇ ಸಾಲು, ಕಡೇ ದಿನಗಳು ಬಂದವು ಅಂತ. 2020ರಲ್ಲಿ ರೈತರು ದೆಹಲಿಯ ಗಡಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂತಾಗ ಇದೇ ವಚನ ಬಂತು. 2022ರಲ್ಲಿ ಕೊಲಂಬೊದ ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದಾಗಲೂ ಬಂತು.

ಇದನ್ನು ಕಳುಹಿಸುವವರು ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥಿಸುವವರು. ಅವರ ಭಯ ನಿಜವಾದದ್ದು. ಆದರೆ ವಚನವನ್ನು ಅಲ್ಲಿಗೇ ನಿಲ್ಲಿಸಬಾರದು. ಅದೇ ಮಾತು ಲೂಕನ ಸುವಾರ್ತೆಯ 21ನೇ ಅಧ್ಯಾಯದಲ್ಲೂ ಇದೆ. ಯುದ್ಧ, ಗಲಿಬಿಲಿಗಳ ಸುದ್ದಿ ಕೇಳಿದಾಗ ದಿಗಿಲುಬೀಳಬೇಡಿ, ಕೂಡಲೇ ಅಂತ್ಯ ಬರುವುದಿಲ್ಲ ಎಂದು ಯೇಸುವೇ ಅಲ್ಲಿ ಹೇಳುತ್ತಾನೆ. ಆ ದಿನವೂ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದು ಎಂಬ ಮಾತಂತೂ ಮತ್ತಾಯನ ಆ 24ನೇ ಅಧ್ಯಾಯದಲ್ಲೇ ಇದೆ. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತ ದಾನಿಯೇಲನ ಗ್ರಂಥದ ಸಂಖ್ಯೆಗಳನ್ನು ಕೂಡಿ ಕಳೆದು ಕರ್ತನಾದ ಯೇಸು ಮರಳಿ ಬರುವ ಕಾಲವನ್ನು ಲೆಕ್ಕ ಹಾಕಿದ. ಕೊನೆಗೆ ಅವನ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿಕೊಂಡರು. ಸಾವಿರಾರು ಜನ ಕಾದು ಕೂತರು. 23ನೇ ತಾರೀಕು ಎಂದಿನಂತೆ ಬೆಳಗಾಯಿತು.

ಪ್ರವಾದನೆ ಪಂಚಾಂಗವಲ್ಲ. ಹಾಗಾದರೆ ಏನು? ಸತ್ಯವೇದವನ್ನು, ಅಂದರೆ ಬೈಬಲನ್ನು, ಓದಿರದ ಕೇಳುಗರಿಗಾಗಿ ಹೇಳುತ್ತೇನೆ: ಪ್ರವಾದಿಗಳೆಂದರೆ ಹಳೆಯ ಒಡಂಬಡಿಕೆಯ ಕಾಲದಲ್ಲಿ ಅರಸರ ಮುಂದೆ, ಗುಡಿಯ ಮುಂದೆ, ಊರ ಬಾಗಿಲಲ್ಲಿ ನಿಂತು ದೇವರ ಹೆಸರಿನಲ್ಲಿ ಮಾತಾಡಿದವರು. ಮುಂದಾಗುವುದನ್ನೂ ಅವರು ಹೇಳಿದ್ದಾರೆ. ಆದರೆ ಅವರ ಗ್ರಂಥಗಳನ್ನು ತೆರೆದು ನೋಡಿ, ಪುಟಗಟ್ಟಲೆ ತುಂಬಿರುವುದು ಆಗಲೇ, ಅಲ್ಲೇ, ಕಣ್ಣೆದುರು ನಡೆಯುತ್ತಿದ್ದ ಅನ್ಯಾಯದ ವಿವರ.

ಆಮೋಸನನ್ನೇ ನೋಡಿ. ಕ್ರಿಸ್ತಪೂರ್ವ 8ನೇ ಶತಮಾನದವನು. ತೆಕೋವ ಊರಿನ ಕುರುಬ, ಅತ್ತಿಹಣ್ಣು ಕೀಳುವವನು. ನಾನು ಪ್ರವಾದಿಯೂ ಅಲ್ಲ, ಪ್ರವಾದಿಯ ಮಗನೂ ಅಲ್ಲ ಅಂತ ತಾನೇ ಹೇಳಿಕೊಂಡವನು. ಇಸ್ರಾಯೇಲ್ ಅರಸನ ಆಲಯವಿದ್ದ ಬೇತೇಲಿನಲ್ಲಿ ನಿಂತು ಅವನು ಏನಂದ? ಬಡವರನ್ನು ತುಳಿದು ಅವರಿಂದ ಕಾಳಿನ ಸುಂಕ ಎಳೆದುಕೊಳ್ಳುತ್ತೀರಿ, ಕೆತ್ತಿದ ಕಲ್ಲಿನ ಮನೆ ಕಟ್ಟಿಸಿಕೊಂಡಿದ್ದೀರಿ, ಅದರಲ್ಲಿ ನೀವು ಬಾಳುವುದಿಲ್ಲ ಅಂದ. ಇದು 5ನೇ ಅಧ್ಯಾಯದ ಮಾತು. 8ನೇ ಅಧ್ಯಾಯಕ್ಕೆ ಬಂದರೆ ವರ್ತಕರು ಮಾತಾಡಿಕೊಳ್ಳುವುದನ್ನೇ ಅವನು ನಮಗೆ ಕೇಳಿಸುತ್ತಾನೆ: ಅಮಾವಾಸ್ಯೆ ಯಾವಾಗ ಕಳೆದೀತು, ಕೆಲಸಕ್ಕೆ ಬಿಡುವಿನ ದಿನವಾದ ಸಬ್ಬತ್ ಯಾವಾಗ ಮುಗಿದೀತು, ಕಾಳು ಮಾರಬೇಕಲ್ಲ, ಅಳತೆಯನ್ನು ಕಿರಿದು ಮಾಡೋಣ, ತೂಕದ ಕಲ್ಲನ್ನು ಭಾರ ಮಾಡೋಣ. ದೇವರ ಕೋಪ ಒಂದು ಅಳತೆಯ ಪಾತ್ರೆಯ ಮೇಲೆ ಬಂದು ನಿಲ್ಲುತ್ತದೆ!

ಈ ಅಧ್ಯಾಯ ಓದುವಾಗ ಮಲೆನಾಡಿನವರಿಗೆ ಸಾಗರ ತಾಲ್ಲೂಕಿನ ಕಾಗೋಡು ನೆನಪಾಗದೆ ಇರದು. 1951ರಲ್ಲಿ ಅಲ್ಲಿನ ಗೇಣಿದಾರರು, ಹೆಚ್ಚಿನವರು ದೀವರ ಸಮುದಾಯದವರು, ಸತ್ಯಾಗ್ರಹಕ್ಕೆ ಇಳಿದರು. ಜಗಳ ಶುರುವಾದದ್ದು ಒಂದು ಕೊಳಗದಿಂದ, ಅಂದರೆ ಭತ್ತ ಅಳೆಯುವ ಪಾತ್ರೆಯಿಂದ. ಕಣದಲ್ಲಿ ಭತ್ತದ ರಾಶಿ ಇರುತ್ತದೆ. ಒಂದು ಅನ್ನುವ ಬದಲು ಲಾಭ ಅಂತ ಹೇಳಿ ಎಣಿಕೆ ಶುರುಮಾಡಿ, ಎರಡು, ಮೂರು ಅಂತ ಒಡೆಯರ ಪಾಲನ್ನು ಅಳೆದು ಸುರಿಯಬೇಕು. ಅಳೆಯುವ ಕೊಳಗ ಒಡೆಯರ ಮನೆಯದು, ಸರ್ಕಾರಿ ಅಳತೆಗಿಂತ ಹೆಚ್ಚು ಹಿಡಿಯುವಂಥದ್ದು. ಲೆಕ್ಕದಲ್ಲಿ ಗೇಣಿ ಅಷ್ಟೇ. ರಾಶಿ ಮಾತ್ರ ಪ್ರತಿ ಕೊಳಗಕ್ಕೂ ಇನ್ನಷ್ಟು ಕರಗುತ್ತದೆ. ಆಮೋಸನ ಕಾಲದ ವರ್ತಕ ಕೊಡುವವನಾದ್ದರಿಂದ ಅಳತೆಯನ್ನು ಕಿರಿದು ಮಾಡಿದ, ಇಲ್ಲಿನ ಒಡೆಯ ಪಡೆಯುವವನಾದ್ದರಿಂದ ಹಿರಿದು ಮಾಡಿದ. ಕೈಚಳಕ ಒಂದೇ.

ಸರ್ಕಾರಿ ಅಳತೆಯ ಕೊಳಗದಲ್ಲೇ ಅಳೆಯುತ್ತೇವೆ ಅಂದದ್ದು ಆ ಗೇಣಿದಾರರ ಅಪರಾಧವಾಯಿತು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದ್ದರು. ಶಾಂತವೇರಿ ಗೋಪಾಲಗೌಡರು, ಸಮಾಜವಾದಿ ಪಕ್ಷದವರು ಬೆನ್ನಿಗೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇವರ್‍ಯಾರೂ ಆಮೋಸನನ್ನು ಓದಿ ಹೊರಟವರಲ್ಲ, ಓದಬೇಕಾಗಿಯೂ ಇರಲಿಲ್ಲ. ಕಾಗೋಡಿಗೆ ಸತ್ಯವೇದದ ಮುದ್ರೆ ಒತ್ತುವ ಆಸೆ ನನಗಿಲ್ಲ. ನಾನು ಹೇಳುವುದು ಇಷ್ಟು: ಸತ್ಯವೇದವನ್ನು ಕೈಯಲ್ಲಿ ಹಿಡಿದವನು ಕಾಗೋಡನ್ನು ನೋಡಿದರೆ ಆಮೋಸ ಅರ್ಥವಾಗುತ್ತಾನೆ. ಪ್ರವಾದನೆಯನ್ನು ಇಟ್ಟುಕೊಂಡು ಇಂದಿನ ಹೋರಾಟವನ್ನು ಓದಬೇಕೆಂದರೆ ಕೇಳಬೇಕಾದ ಮೊದಲ ಪ್ರಶ್ನೆ, ಇಲ್ಲಿ ಕೊಳಗ ಯಾವುದು, ಅದು ಯಾರ ಕೈಯಲ್ಲಿದೆ ಅನ್ನುವುದು. ಇದು ಯಾವ ಮುದ್ರೆ ಒಡೆದ ಗುರುತು, ಯಾವ ತುತೂರಿಯ ಸದ್ದು ಅಂತ, ಕಡೇ ದಿನಗಳ ದರ್ಶನವಿರುವ ಪ್ರಕಟನೆ ಗ್ರಂಥದ ಪುಟ ತಿರುವುತ್ತಾ ಕೂತರೆ ಆ ಪ್ರಶ್ನೆ ಬಿಟ್ಟೇ ಹೋಗುತ್ತದೆ.

1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಎತ್ತಿ ಆಡಿದ್ದೂ ಆಮೋಸನ ಮಾತನ್ನೇ: ನ್ಯಾಯವು ನೀರಿನಂತೆ, ಧರ್ಮವು ಬತ್ತದ ತೊರೆಯಂತೆ ಹರಿಯಲಿ. ಆ ಮಾತಿನ ಆಸುಪಾಸಿನಲ್ಲಿ ಅವರು ಹೇಳಿದ್ದು ಕರಿಯರಿಗೆ ಇಳಿದುಕೊಳ್ಳಲು ಕೊಠಡಿ ಕೊಡದ ಹೋಟೆಲುಗಳ ವಿಷಯ, ಮತ ಹಾಕಲು ಬಿಡದ ಮಿಸಿಸಿಪ್ಪಿಯ ವಿಷಯ.

ಇದಕ್ಕೆ ಎದುರು ಮಾತೊಂದಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ ಅಧಿಕಾರಿಗಳಿಗೆ ಅಧೀನರಾಗಿರಿ ಅನ್ನುವುದಿಲ್ಲವೇ, ಬೀದಿಗಿಳಿಯುವುದು ವಿಶ್ವಾಸಿಗೆ ತಕ್ಕದ್ದೇ ಅಂತ ಹಿರಿಯರು ಕೇಳುತ್ತಾರೆ. ಆ ವಚನವನ್ನು ನಾನೂ ತಲೆಬಾಗಿ ಓದುತ್ತೇನೆ. ಆದರೆ ಬೇತೇಲಿನ ಯಾಜಕ ಅಮಚ್ಯನನ್ನೂ ಮರೆಯಬಾರದು. ಆಮೋಸ ನಿನ್ನ ಮೇಲೆ ಒಳಸಂಚು ಮಾಡಿದ್ದಾನೆ, ಅವನ ಮಾತುಗಳನ್ನು ದೇಶ ತಾಳಲಾರದು ಅಂತ ಅರಸನಿಗೆ ಹೇಳಿಕಳುಹಿಸಿದವನು ಅವನು. ಇದು ಅರಸನ ಆಲಯ, ನಿನ್ನ ನಾಡಿಗೆ ಹೋಗಿ ಅಲ್ಲಿ ರೊಟ್ಟಿ ಸಂಪಾದಿಸಿಕೋ ಅಂತ ಆಮೋಸನನ್ನು ಗದರಿದ. ಅಳತೆಯ ಪಾತ್ರೆ ಸರಿಯೋ ತಪ್ಪೋ ಅಂತ ಅವನು ಒಮ್ಮೆಯೂ ಕೇಳಲಿಲ್ಲ. ಸಭಾಪಾಲಕರೂ ಉಪದೇಶಿಗಳೂ ಈ 7ನೇ ಅಧ್ಯಾಯವನ್ನು ವರ್ಷಕ್ಕೊಮ್ಮೆಯಾದರೂ ಗಟ್ಟಿಯಾಗಿ ಓದಬೇಕೆಂದು ನನ್ನ ಬಿನ್ನಹ.

ಇನ್ನೊಂದು ಅಪಾಯ ಹೋರಾಟಗಾರರ ಕಡೆಯಿಂದ ಬರುವಂಥದ್ದು. 1525ರಲ್ಲಿ ಜರ್ಮನಿಯ ರೈತರು ದಂಗೆ ಎದ್ದರು. ಫ್ರಾಂಕೆನ್‌ಹೌಸೆನ್ ಬಯಲಿನಲ್ಲಿ ಅವರ ಜೊತೆಗಿದ್ದ ಬೋಧಕ ಥಾಮಸ್ ಮ್ಯೂನ್ಟ್ಸರ್ ಇದು ದೇವರು ಕೊಯ್ಲಿಗೆ ನೇಮಿಸಿದ ಕಾಲ ಎಂದು ನಂಬಿದ್ದ. ಅವರ ಬಾವುಟದಲ್ಲಿ ಕಾಮನಬಿಲ್ಲಿತ್ತು. ಸೂರ್ಯನ ಸುತ್ತ ಬಣ್ಣದ ಬಳೆ ಕಾಣಿಸಿದಾಗ ಅದನ್ನು ಗೆಲುವಿನ ಗುರುತೆಂದು ಸಾರಲಾಯಿತು ಎಂದು ಅಂದಿನ ಬರಹಗಳು ಹೇಳುತ್ತವೆ. ಮೇ 15ರಂದು ಅರಸರ ಸೈನ್ಯ ಸಾವಿರಾರು ರೈತರನ್ನು ಕೊಂದುಹಾಕಿತು. ಅದೇ ತಿಂಗಳು ಮ್ಯೂನ್ಟ್ಸರನ ತಲೆಯೂ ಹೋಯಿತು.

ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ, ಮೆಮ್ಮಿಂಗೆನ್ ಎಂಬ ಪಟ್ಟಣದಲ್ಲಿ, ರೈತರು 12 ಬೇಡಿಕೆಗಳ ಮನವಿಯೊಂದನ್ನು ಬರೆದಿದ್ದರು. ಕಾಡಿನ ಸೌದೆ ಊರಿಗೆ ಸಿಗಬೇಕು, ಹೊಳೆಯ ಮೀನು ಹಿಡಿಯಲು ಬಿಡಬೇಕು, ಊರೊಟ್ಟಿನ ಹುಲ್ಲುಗಾವಲು ಹಿಂದಿರುಗಿಸಬೇಕು, ಗೇಣಿಯನ್ನು ನ್ಯಾಯವಾಗಿ ಕಟ್ಟಬೇಕು. ಸೊಪ್ಪಿನಬೆಟ್ಟ, ಗೋಮಾಳ, ಬಗರ್‌ಹುಕುಂ ಅಂತ ತಾಲ್ಲೂಕು ಕಚೇರಿಗೆ ಅಲೆಯುವ ನಮ್ಮವರಿಗೆ ಇದು ಹೊರದೇಶದ ಕತೆ ಅನ್ನಿಸದು. ಬೇಡಿಕೆಗಳ ಪಕ್ಕದಲ್ಲಿ ಆಧಾರದ ವಚನಗಳನ್ನು ಕೊಟ್ಟಿದ್ದರು. ಹನ್ನೆರಡನೆಯದಂತೂ ನನ್ನನ್ನು ಇವತ್ತಿಗೂ ಅಲ್ಲಾಡಿಸುತ್ತದೆ: ಇವುಗಳಲ್ಲಿ ಯಾವುದಾದರೂ ದೇವರ ವಾಕ್ಯಕ್ಕೆ ವಿರುದ್ಧವೆಂದು ತೋರಿಸಿಕೊಟ್ಟರೆ ಅದನ್ನು ಹಿಂದಕ್ಕೆ ಪಡೆಯುತ್ತೇವೆ ಎಂದು ಬರೆದುಕೊಟ್ಟಿದ್ದರು. ಮೆಮ್ಮಿಂಗೆನ್ನಿನವರು ವಚನವನ್ನು ತಮ್ಮ ಮೇಲೂ ತೀರ್ಪು ಕೊಡಲು ಬಿಟ್ಟರು. ಫ್ರಾಂಕೆನ್‌ಹೌಸೆನ್ನಿನಲ್ಲಿ ಅದು ಬಾವುಟವಾಗಿಬಿಟ್ಟಿತ್ತು.

ಕಾಗೋಡಿನವರು 1951ರಲ್ಲಿ ಗೆಲ್ಲಲಿಲ್ಲ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಗೇಣಿದಾರರು ಭೂಮಿಯ ಹಕ್ಕು ಕೇಳುವ ಅರ್ಜಿಯಾದ ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಲ್ಲುವಷ್ಟರಲ್ಲಿ ಸತ್ಯಾಗ್ರಹದಲ್ಲಿ ಯುವಕರಾಗಿದ್ದವರ ತಲೆ ನರೆತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಂಬಿ ಎದ್ದುಹೋದ ಶರಾವತಿ ಸಂತ್ರಸ್ತರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಈಗಲೂ ಮನವಿ ಹಿಡಿದು ನಿಲ್ಲುತ್ತಿದ್ದಾರೆ. ಅವರಿಗೆ ಯಾವ ವಚನ ಓದಲಿ ಎಂದು ಯೋಚಿಸಿದಾಗ ನನಗೆ ಸಿಕ್ಕಿದ್ದು ಪ್ರಕಟನೆಯಲ್ಲಲ್ಲ, ಸತ್ಯವೇದದ ಅರಣ್ಯಕಾಂಡ ಎಂಬ ಗ್ರಂಥದ 27ನೇ ಅಧ್ಯಾಯದಲ್ಲಿ. ಚಲ್ಪಹಾದನ ಐದು ಹೆಣ್ಣುಮಕ್ಕಳು, ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ, ದೇವದರ್ಶನದ ಗುಡಾರದ ಬಾಗಿಲಲ್ಲಿ ಇಸ್ರಾಯೇಲ್ಯರ ನಾಯಕ ಮೋಶೆಯ ಮುಂದೆ, ಯಾಜಕನ ಮುಂದೆ, ಮುಖಂಡರ ಮುಂದೆ, ಇಡೀ ಸಮೂಹದ ಮುಂದೆ ನಿಂತರು. ನಮ್ಮ ತಂದೆಗೆ ಗಂಡುಮಕ್ಕಳಿಲ್ಲ ಅಂತ ಅವನ ಹೆಸರು ಯಾಕೆ ಅಳಿಯಬೇಕು, ನಮಗೂ ಭೂಮಿ ಕೊಡಿ ಅಂದರು. ಮೋಶೆ ದೇವರನ್ನು ಕೇಳಿದ. ಅವರು ಹೇಳುವುದು ಸರಿ ಅಂತ ಉತ್ತರ ಬಂತು, ಅವರಿಗೋಸ್ಕರ ಕಾನೂನೇ ಬದಲಾಯಿತು.

ಇಷ್ಟಾಗಿಯೂ ಭೂಮಿ ಕೈಗೆ ಬರಲಿಲ್ಲ. ಮೋಶೆ ತೀರಿಕೊಂಡ, ಯೆಹೋಶುವ ನಾಯಕನಾದ. ಯೆಹೋಶುವನ ಗ್ರಂಥದ 17ನೇ ಅಧ್ಯಾಯದಲ್ಲಿ ಅದೇ ಐವರು ಮತ್ತೆ ಬಂದು ಯಾಜಕನ ಮುಂದೆ, ಯೆಹೋಶುವನ ಮುಂದೆ, ಮುಖಂಡರ ಮುಂದೆ ನಿಲ್ಲುತ್ತಾರೆ. ನಮಗೆ ಕೊಡಬೇಕೆಂದು ಯೆಹೋವನು ಮೋಶೆಗೆ ಅಪ್ಪಣೆ ಕೊಟ್ಟಿದ್ದಾನೆ ಎಂದು ನೆನಪಿಸುತ್ತಾರೆ. ಆಗ ಅವರ ಪಾಲನ್ನು ಅವರಿಗೆ ಕೊಟ್ಟರು.

ನಮಸ್ಕಾರ.